ಅಂತರಗಂಗೆಯ ಗವಿ ಲಾವಾ ಕೊಳವೆಯೇ? ಶತಶೃಂಗ ಬೆಟ್ಟದ ಒಂದು ಪ್ರಕರಣ ಅಧ್ಯಯನ

ಕೋಲಾರ ಪಟ್ಟಣಕ್ಕೆ ಅಂಟಿಕೊಂಡಂತಿರುವ ಶತಶೃಂಗ ಬೆಟ್ಟಸಾಲಿನಲ್ಲಿ ಅಂತರಗಂಗೆ ಇದೆ. ಕಾಶಿ ವಿಶ್ವೇಶ್ವರ ದೇವಸ್ಥಾನ, ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿ ದಾಟಿ ಮೇಲೆ ಹತ್ತಿದರೆ ಒಂದರ ಮೇಲೊಂದು ಒರಗಿದ ಹೆಬ್ಬಂಡೆಗಳು, ಅವುಗಳ ಸಂದಿಯಲ್ಲಿ ಗವಿಗಳು. ಈ ಬೆಟ್ಟವನ್ನು ‘ಜ್ವಾಲಾಮುಖಿ ಶಿಲೆಯ ಬೆಟ್ಟ’ ಎಂದು ಬರೆಯುವ ಪ್ರವಾಸಿ ಬರಹಗಳು ಬೇಕಾದಷ್ಟಿವೆ. ಅದರ ಮೇಲೆ ಈಚೆಗೆ ಇನ್ನೊಂದು ಮಾತು ಸೇರಿಕೊಂಡಿದೆ: ಇವು ಲಾವಾ ಕೊಳವೆಗಳು, ಅಂದರೆ ಲಾವಾ ಹರಿದುಹೋದ ಮೇಲೆ ಉಳಿದ ಸುರಂಗಗಳು, ಹವಾಯಿಯಲ್ಲಿರುವಂಥವು. ಚಂದ್ರನ ಮೇಲೂ ಲಾವಾ ಕೊಳವೆಗಳ ಸುಳಿವಿದೆ, ಚಂದ್ರಯಾನ-1ರ ಚಿತ್ರಗಳಲ್ಲೂ ಅಂಥದ್ದನ್ನು ಗುರುತಿಸಿದ್ದಾರೆ ಎಂಬ ಸುದ್ದಿ ಹಬ್ಬಿದ ಮೇಲೆ ಈ ಹೆಸರಿನ ಆಕರ್ಷಣೆ ಇನ್ನೂ ಹೆಚ್ಚಾಗಿದೆ.

ಇಲ್ಲಿ ಎತ್ತಿಕೊಂಡಿರುವುದು ದೇವಸ್ಥಾನದ ಮೇಲಿನ ಇಳಿಜಾರಿನ ಅಂಥ ಒಂದು ಗವಿ. ಬಾಯಲ್ಲಿ ಕುಕ್ಕರಗಾಲಲ್ಲಿ ನುಸುಳಬೇಕು, ಒಳಗೆ ಎದ್ದು ನಿಲ್ಲುವಷ್ಟು ಜಾಗ, ಮುಂದೆ ಹೊಟ್ಟೆಯ ಮೇಲೆ ತೆವಳುವ ಇಕ್ಕಟ್ಟು, ಕೊನೆಗೆ ಬೇರೆ ಕಡೆಯಿಂದ ಹೊರಗೆ. ಇದನ್ನು ಲಾವಾ ಕೊಳವೆ ಎನ್ನುವವರು ಕೊಡುವ ಸಾಕ್ಷಿ ನಾಲ್ಕು: ಚಾವಣಿ ದುಂಡಗಿದೆ, ಗೋಡೆ ನುಣುಪಾಗಿ ಕಪ್ಪಗೆ ಹೊಳೆಯುತ್ತದೆ, ಚಾವಣಿಯಲ್ಲಿ ಹನಿ ಹೆಪ್ಪುಗಟ್ಟಿದಂಥ ಮೊಗ್ಗುಗಳಿವೆ, ಸುತ್ತಿನ ಸೀಮೆಯಲ್ಲೆಲ್ಲ ಕರಿಕಲ್ಲು ಸಿಗುತ್ತದೆ.

ಇದು ಲಾವಾ ಕೊಳವೆ ಅಲ್ಲ, ಗುಂಡುಕಲ್ಲು ಗವಿ, ಅಂದರೆ ಒಂದರ ಮೇಲೊಂದು ಒರಗಿದ ಹೆಬ್ಬಂಡೆಗಳ ನಡುವಿನ ಖಾಲಿ. ಆದರೆ ‘ಅಲ್ಲ’ ಎಂದು ಹೇಳಿ ಸುಮ್ಮನಾಗುವ ವಿಷಯ ಇದಲ್ಲ. ಎರಡು ಬಗೆಯ ಗವಿಗಳಲ್ಲಿ ಅಪಾಯ ಬೇರೆ, ನಕ್ಷೆ ತೆಗೆಯುವ ಕ್ರಮ ಬೇರೆ, ‘ಮುಂದೆ ದಾರಿ ಇದೆಯೇ’ ಎಂದು ಹುಡುಕುವ ರೀತಿಯೂ ಬೇರೆ. ಲಾವಾ ಕೊಳವೆ ಎಂದು ನಂಬಿ ಒಳಗೆ ಹೋದವರು ಚಾವಣಿ ಅಖಂಡ ಬಂಡೆ ಎಂದುಕೊಳ್ಳುತ್ತಾರೆ. ಇಲ್ಲಿ ಚಾವಣಿ ಎಂದರೆ ಎರಡು ಮೂರು ಕಡೆ ಮಾತ್ರ ಊರಿಕೊಂಡು ನಿಂತ ಗುಂಡು.

ಲಾವಾ ಕೊಳವೆ ಆಗುವುದು ಹೇಗೆ

ಲಾವಾ ಕೊಳವೆಗೆ ಮೊದಲು ಬೇಕಾದದ್ದು ತೆಳ್ಳಗೆ ಹರಿಯುವ ಬಸಾಲ್ಟ್ ಲಾವಾ. ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕುವ, ಹವಾಯಿಯಲ್ಲಿ ಪಾಹೊಯ್‌ಹೊಯ್ ಎಂದು ಕರೆಯುವ ಬಗೆ. ಅದು ಕಾಲುವೆಯಾಗಿ ಹರಿಯುವಾಗ ಮೇಲ್ಮೈ ತಣ್ಣಗಾಗಿ, ಕಾದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಕಲ್ಲಿನ ಹೊದಿಕೆ ಕಟ್ಟುತ್ತದೆ. ಎರಡು ದಡಗಳಿಂದ ಬೆಳೆದ ಹೊದಿಕೆ ನಡುವೆ ಸೇರಿದರೆ ಚಾವಣಿ ತಯಾರು. ಇನ್ನೊಂದು ಬಗೆಯೂ ಇದೆ: ಸಮತಟ್ಟು ನೆಲದಲ್ಲಿ ಹರಡಿದ ಲಾವಾದ ಹೊರಪದರ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಲಾವಾ ತುಂಬುತ್ತ ಅದು ಉಬ್ಬುತ್ತದೆ, ಒಳಹರಿವು ಕ್ರಮೇಣ ಕೆಲವೇ ದಾರಿಗಳಿಗೆ ಸೀಮಿತವಾಗುತ್ತದೆ. ಯಾವ ಬಗೆಯಲ್ಲಾದರೂ ಚಾವಣಿ ಬಿದ್ದ ಮೇಲೆ ಶಾಖ ಹೊರಗೆ ಹೋಗುವುದು ಬಹಳ ಕಡಿಮೆ, ಕಿಲೋಮೀಟರಿಗೆ ಒಂದು ಡಿಗ್ರಿಯ ಆಸುಪಾಸು. ಅದಕ್ಕೇ ಲಾವಾ ಹತ್ತಾರು ಕಿಲೋಮೀಟರ್ ಹೆಪ್ಪುಗಟ್ಟದೆ ಹರಿಯುತ್ತದೆ. ಉಕ್ಕುವುದು ನಿಂತಾಗ ಒಳಗಿನ ಲಾವಾ ಇಳಿದುಹೋಗಿ ಪೊಳ್ಳು ಉಳಿಯುತ್ತದೆ.

ಹವಾಯಿಯ ಕಿಲಾವಿಯಾ ಜ್ವಾಲಾಮುಖಿಯ ಮೈಮೇಲಿರುವ ಕಜುಮುರಾ ಗುಹೆ 65 ಕಿ.ಮೀ.ಗೂ ಹೆಚ್ಚು ಉದ್ದ. ಅದರ ಮೇಲ್ತುದಿಯಿಂದ ಕೆಳತುದಿಗೆ 1,100 ಮೀಟರ್ ಇಳಿತ. ದಕ್ಷಿಣ ಕೊರಿಯಾದ ಜೇಜು ದ್ವೀಪದ ಮಂಜಾಂಗ್ ಕೊಳವೆ 7 ಕಿ.ಮೀ. ದಾಟುತ್ತದೆ, ಅಲ್ಲಿನ ಲಾವಾ ಕೊಳವೆಗಳು 2007ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಉಂದಾರಾ ಕೊಳವೆಗಳು ಸುಮಾರು 1 ಲಕ್ಷ 90 ಸಾವಿರ ವರ್ಷ ಹಳೆಯವು, ಈಗಾಗಲೇ ಬಹುಪಾಲು ಕುಸಿದಿವೆ. ವಯಸ್ಸಿನ ಈ ಅಂಕಿ ನಮ್ಮ ಪ್ರಕರಣಕ್ಕೆ ಮುಖ್ಯ. ಲಾವಾ ಕೊಳವೆ ನೆಲದ ಮೇಲ್ಪದರದ, ತೆಳುಚಾವಣಿಯ ರಚನೆ. ಅದು ಕುಸಿಯುತ್ತದೆ, ಮಣ್ಣು ತುಂಬಿಕೊಳ್ಳುತ್ತದೆ, ಮುಂದಿನ ಲಾವಾ ಬಂದು ಮುಚ್ಚಿಬಿಡುತ್ತದೆ.

ಕೋಲಾರದಲ್ಲಿ ಲಾವಾ ಇದೆ, ಆದರೆ ಗವಿ ಇರುವಲ್ಲಿ ಅಲ್ಲ

ಗೊಂದಲಕ್ಕೆ ಒಂದು ನಿಜವಾದ ಕಾರಣ ಇದೆ. ಕೋಲಾರ ಜಿಲ್ಲೆಯಲ್ಲಿ ಜ್ವಾಲಾಮುಖಿ ಶಿಲೆ ಖಂಡಿತ ಇದೆ. ಕೆಜಿಎಫ್ ಇರುವ ಉತ್ತರ-ದಕ್ಷಿಣ ಪಟ್ಟಿ, ಅಂದರೆ ಕೋಲಾರ ಶಿಸ್ಟ್ ಪಟ್ಟಿ, ಬಹುಪಾಲು ಬಸಾಲ್ಟ್ ಲಾವಾದಿಂದಲೇ ಆದದ್ದು. ಅದರ ವಯಸ್ಸು ಸುಮಾರು 270 ಕೋಟಿ ವರ್ಷ. ಆ ಪಟ್ಟಿಯ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಸಿಡಿದು ಎಸೆದ ಚೂರುಗಳಿಂದಾದ ಶಿಲೆಯನ್ನು ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಪಟ್ಟಿಯಲ್ಲಿ ದಿಂಬು ಲಾವಾ ಕೂಡ ಇದೆ. ಅದು ನೀರಿನಡಿ ಉಕ್ಕಿದ ಲಾವಾ ದಿಂಬುಗಳಂತೆ ರಾಶಿ ಬಿದ್ದು ಗಟ್ಟಿಯಾದದ್ದು.

ಆದರೆ ಈ ಲಾವಾ ಆಮೇಲೆ ಹತ್ತು ಕಿಲೋಮೀಟರಿಗೂ ಹೆಚ್ಚಿನ ಆಳದ ಒತ್ತಡ, 500 ಡಿಗ್ರಿಗೂ ಮೀರಿದ ಶಾಖ ಕಂಡಿದೆ. ಮಡಚಿ, ಹಿಂಡಿ, ಆಂಫಿಬೊಲೈಟ್ ಎಂಬ ಕಪ್ಪು-ಹಸಿರು ಶಿಲೆಯಾಗಿ ಮಾರ್ಪಟ್ಟಿದೆ. ಆ ಒತ್ತಡದಲ್ಲಿ ಯಾವ ಪೊಳ್ಳೂ ಉಳಿಯದು. ಕೆಜಿಎಫ್‌ನ ನೆಲದಡಿ ಮೂರು ಕಿಲೋಮೀಟರ್ ಆಳದವರೆಗೆ ಇರುವ ಪೊಳ್ಳೆಲ್ಲ ಗಣಿಯವರು ಕೊರೆದದ್ದು.

ಅಂತರಗಂಗೆ ಈ ಪಟ್ಟಿಯಿಂದ ಪಶ್ಚಿಮಕ್ಕೆ ದೂರದಲ್ಲಿದೆ. ಇಲ್ಲಿಯದು ಗ್ರಾನೈಟ್ ಜಾತಿಯ ಬಂಡೆ. ಗ್ರಾನೈಟ್ ನೆಲದ ಮೇಲೆ ಹರಿದದ್ದಲ್ಲ. ಕಿಲೋಮೀಟರುಗಟ್ಟಲೆ ಆಳದಲ್ಲಿ ನಿಧಾನವಾಗಿ ತಣಿದದ್ದು. ಒಟ್ಟಿನಲ್ಲಿ ಕೋಲಾರದ ಲಾವಾದಲ್ಲಿ ಗವಿ ಇಲ್ಲ, ಕೋಲಾರದ ಗವಿಯಲ್ಲಿ ಲಾವಾ ಇಲ್ಲ.

ಇನ್ನು ಕರಿಕಲ್ಲು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯಲ್ಲಿ ಗ್ರಾನೈಟನ್ನು ಸೀಳಿಕೊಂಡು ಹೋಗುವ ಕಪ್ಪು ಸಾಲುಗಳು ಡೊಲೆರೈಟ್ ಡೈಕುಗಳು. ಇವುಗಳಲ್ಲಿ ಪೂರ್ವ-ಪಶ್ಚಿಮವಾಗಿ ಹೋಗುವ ದೊಡ್ಡ ಸಮೂಹದ ವಯಸ್ಸು ಸುಮಾರು 237 ಕೋಟಿ ವರ್ಷ. ಬಿರುಕಿನಲ್ಲಿ ಮೇಲೇರಿದ ಶಿಲಾರಸ ಅಲ್ಲೇ ನೆಲದೊಳಗೆ ತಣಿದದ್ದರಿಂದ ಇವು ಗಟ್ಟಿಯಾಗಿ ತುಂಬಿದ ಗೋಡೆಗಳು, ಕೊಳವೆಗಳಲ್ಲ. ಡೈಕಿನ ಪಕ್ಕದಲ್ಲಿ ಗವಿ ಇದ್ದರೂ ಡೈಕಿನಿಂದ ಗವಿ ಆಗಿರುವುದಿಲ್ಲ.

ಹಾಗಾದರೆ ಈ ಗವಿ ಆದದ್ದು ಹೇಗೆ

ಗ್ರಾನೈಟಿನಲ್ಲಿ ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ ಮೂರು ದಿಕ್ಕಿನ ಬಿರುಕುಗಳಿರುತ್ತವೆ. ನೆಲದೊಳಗೆ ನೀರು ಈ ಬಿರುಕುಗಳಲ್ಲಿ ಇಳಿದು ಕಲ್ಲನ್ನು ಕೊಳೆಸುತ್ತದೆ. ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕಪ್ಪು ಅಭ್ರಕ ನೀರು ಹೀರಿ ಉಬ್ಬುತ್ತದೆ, ಬೆಣಚು ಹಾಗೇ ಕಾಳಾಗಿ ಉಳಿಯುತ್ತದೆ. ಹೀಗೆ ಆಗುವುದೇ ಗರಸು. ಮೂಲೆಗಳಿಗೆ ಮೂರು ಕಡೆಯಿಂದ ನೀರು ತಾಗುವುದರಿಂದ ಅವು ಮೊದಲು ಕೊಳೆಯುತ್ತವೆ, ಚೌಕದ ತುಂಡು ದುಂಡಗಾಗುತ್ತದೆ. ಮಳೆ ಗರಸನ್ನು ಕೊಚ್ಚಿಕೊಂಡು ಹೋದಾಗ ಗುಂಡುಗಳು ಬಯಲಾಗುತ್ತವೆ. ಕೆಲವು ನಿಂತಲ್ಲೇ ನಿಲ್ಲುತ್ತವೆ, ಕೆಲವು ಉರುಳಿ ಕೆಳಗಿನವುಗಳ ಮೇಲೆ ಕೂರುತ್ತವೆ. ನಡುವಿನ ಖಾಲಿಯೇ ಗವಿ. ಕೊರಟಗೆರೆಯ ಸಿದ್ಧರಬೆಟ್ಟದ ಗವಿಗಳೂ ಇದೇ ಜಾತಿ.

ನಾಲ್ಕು ಗುರುತುಗಳ ಪರಿಶೀಲನೆ

ಮೊದಲು ದುಂಡು ಚಾವಣಿ. ಕೊಳವೆಯ ಚಾವಣಿ ಕಮಾನಿನಂತೆ ಮೇಲಕ್ಕೆ ಬಾಗಿರುತ್ತದೆ. ಇಲ್ಲಿ ದೀಪವನ್ನು ಓರೆಯಾಗಿ ಹಿಡಿದರೆ ಬಾಗು ಕೆಳಮುಖ, ಅಂದರೆ ಗುಂಡಿನ ಹೊಟ್ಟೆ ಒಳಕ್ಕೆ ಉಬ್ಬಿದೆ. ಅತಿ ಸುಲಭದ ಮತ್ತು ಅತಿ ಗಟ್ಟಿ ಪರೀಕ್ಷೆ ಇದೇ ಎಂಬುದು ನಮ್ಮ ಅಭಿಪ್ರಾಯ. ಚಾವಣಿ ಗೋಡೆಗೆ ಸೇರುವ ಜಾಗವನ್ನೂ ನೋಡಬೇಕು. ಕೊಳವೆಯಲ್ಲಿ ಚಾವಣಿ, ಗೋಡೆ ಒಂದೇ ಮೈ. ಇಲ್ಲಿ ಎರಡರ ನಡುವೆ ಬಿರುಕಿದೆ, ಅದರಲ್ಲಿ ಬೆಳಕು, ಬೇರು, ಗರಸು ಇಣುಕುತ್ತವೆ.

ಎರಡನೆಯದು ಕಪ್ಪು ಹೊಳಪು. ಲಾವಾ ಕೊಳವೆಯ ಒಳಗೋಡೆಯಲ್ಲಿ ಶಾಖಕ್ಕೆ ಮರುಕರಗಿದ ಗಾಜಿನಂಥ ಲೇಪ ಇರುವುದುಂಟು. ಲಾವಾದ ಮಟ್ಟ ಇಳಿದಂತೆ ಮೂಡಿದ ಅಡ್ಡಗೆರೆಗಳು, ದಡದಂಥ ಅಂಚುಗಟ್ಟೆಗಳು ಎರಡೂ ಬದಿಯಲ್ಲಿ ಒಂದೇ ಎತ್ತರದಲ್ಲಿ ಸಾಗುತ್ತವೆ. ಇಲ್ಲಿ ಒಂದೂ ಅಡ್ಡಗೆರೆ ಇಲ್ಲ. ಕಪ್ಪು ಬಣ್ಣ ಮೂರು ಕಡೆಯಿಂದ ಬರುತ್ತದೆ: ಮಳೆನೀರು ಇಳಿಯುವ ಜಾಡಿನಲ್ಲಿ ಬೆಳೆಯುವ ಪಾಚಿಯಂಥ ಸೂಕ್ಷ್ಮಜೀವಿಗಳು, ಪಂಜು ಮತ್ತು ಒಲೆಯ ಮಸಿ, ಇಕ್ಕಟ್ಟಿನಲ್ಲಿ ಜನ ಮೈ ಉಜ್ಜಿಕೊಂಡು ಹೋದ ಜಿಡ್ಡು. ಒದ್ದೆ ಬಟ್ಟೆಯಿಂದ ಒಂದು ಬೆರಳಗಲ ಒರೆಸಿ ನೋಡಿದರೆ ಮಸಿ ಬಟ್ಟೆಗೆ ಬರುತ್ತದೆ. ಪಾಚಿಯ ಕಪ್ಪಾದರೆ ನೀರಿನ ಜಾಡು ಹಿಡಿದು ಮೇಲಿಂದ ಕೆಳಕ್ಕೆ ಪಟ್ಟೆಯಾಗಿರುತ್ತದೆ.

ಮೂರನೆಯದು ಚಾವಣಿಯ ಮೊಗ್ಗುಗಳು. ಇದು ನಿಜಕ್ಕೂ ಸೊಗಸಾದ ವಿಷಯ. ಗ್ರಾನೈಟ್ ಗವಿಗಳಲ್ಲಿ ಜನ ಗಮನಿಸದೇ ಹೋಗುವ ವಸ್ತು ಇದು. ಲಾವಾ ಕೊಳವೆಯಲ್ಲಿ ಚಾವಣಿಯಿಂದ ತೊಟ್ಟಿಕ್ಕಿದ ಲಾವಾ ಹಲ್ಲಿನಂತೆ, ಕಡ್ಡಿಯಂತೆ ಗಟ್ಟಿಯಾಗಿರುತ್ತದೆ. ಅದು ಗೋಡೆಯದೇ ಕಲ್ಲು. ಗ್ರಾನೈಟ್ ಗವಿಯಲ್ಲಿ ಕಾಣುವುದು ಕೆಲವೇ ಮಿಲಿಮೀಟರ್ ಉದ್ದದ ಬಿಳಿ, ಬೂದು ಇಲ್ಲವೇ ಕಂದು ಬಣ್ಣದ, ಹವಳದಂಥ ಮೊಗ್ಗುಗಳು. ಕೊಳೆಯುವ ಫೆಲ್ಡ್‌ಸ್ಪಾರಿನಿಂದ ಬಿಟ್ಟ ಸಿಲಿಕಾ, ಬಿರುಕಿನಲ್ಲಿ ಜಿನುಗುವ ನೀರಿನಲ್ಲಿ ಬಂದು, ನೀರು ಆರಿದಾಗ ಓಪಲ್ (ನೀರಿನಂಶವಿರುವ ಸಿಲಿಕಾ) ಆಗಿ ಉಳಿಯುತ್ತದೆ. ಅದಕ್ಕೇ ಇವು ಬಿರುಕಿನ ಗೆರೆ ಹಿಡಿದು ಸಾಲಾಗಿರುತ್ತವೆ, ಚಾವಣಿಯ ತುಂಬ ಹರಡಿರುವುದಿಲ್ಲ. ಪರೀಕ್ಷೆಗೆ ಮೊಗ್ಗನ್ನು ಕೀಳಬಾರದು. ತಾನಾಗಿ ನೆಲಕ್ಕೆ ಬಿದ್ದ ಚೂರು ಸಿಕ್ಕರೆ ಗವಿಯ ಹೊರಗೆ ತಂದು ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಹಾಕಿ. ನೊರೆ ಬಂದರೆ ಕ್ಯಾಲ್ಸೈಟ್, ಬಾರದಿದ್ದರೆ ಸಿಲಿಕಾ ಇರಬಹುದು. ಅದಷ್ಟರಿಂದಲೇ ಓಪಲ್ ಎಂದು ಬರೆಯಬಾರದು, ಪ್ರಯೋಗಾಲಯದ ಎಕ್ಸ್-ರೇ ಪರೀಕ್ಷೆ ಬೇಕು.

ನಾಲ್ಕನೆಯದು ಕಲ್ಲು. ಹತ್ತು ಪಟ್ಟು ಹಿಗ್ಗಿಸುವ ಕೈಭೂತಗನ್ನಡಿ ಸಾಕು. ಗವಿಯ ಬಾಯಿಯ ಹೊರಗೆ ಹೊಸದಾಗಿ ಒಡೆದ ಚೂರು ಆರಿಸಿಕೊಳ್ಳಿ. ಗೋಡೆಗೆ ಸುತ್ತಿಗೆ ತಾಗಿಸಬೇಡಿ. ಗಾಜಿನಂಥ ಬೆಣಚು, ಬಿಳಿ ಅಥವಾ ನಸುಗೆಂಪು ಫೆಲ್ಡ್‌ಸ್ಪಾರ್, ಮಿಣುಗುವ ಕಪ್ಪು ಅಭ್ರಕ ಬೇರೆಬೇರೆ ಕಾಳಾಗಿ ಕಂಡರೆ ಗ್ರಾನೈಟ್. ಬಸಾಲ್ಟಿನ ಮೈ ನುಣ್ಣನೆ ಬೂದು-ಕಪ್ಪು, ಕಾಳು ಕಣ್ಣಿಗೆ ಬಿಡಿಬಿಡಿಯಾಗಿ ಸಿಗುವುದಿಲ್ಲ, ಅನಿಲದ ಗುಳ್ಳೆಗಳ ತೂತು ಇರಬಹುದು. ಅನುಮಾನ ಉಳಿದರೆ ಸಾಂದ್ರತೆ ಅಳೆಯಿರಿ. ಚೂರನ್ನು ದಾರದಲ್ಲಿ ಕಟ್ಟಿ ಗಾಳಿಯಲ್ಲಿ ತೂಗಿ, ಆಮೇಲೆ ಬಕೆಟ್ ನೀರಿನಲ್ಲಿ ತಳ ತಾಗದಂತೆ ಮುಳುಗಿಸಿ ತೂಗಿ. ಗಾಳಿಯಲ್ಲಿ 424 ಗ್ರಾಂ, ನೀರಿನಲ್ಲಿ 264 ಗ್ರಾಂ ಬಂದರೆ 424ನ್ನು ವ್ಯತ್ಯಾಸವಾದ 160ರಿಂದ ಭಾಗಿಸಿ: 2.65, ಗ್ರಾನೈಟಿನ ಅಂಕಿ. ಗುಳ್ಳೆಯಿಲ್ಲದ ಬಸಾಲ್ಟ್, ಡೊಲೆರೈಟ್ 2.9ರಿಂದ 3.0ರ ಸುತ್ತ ಬರುತ್ತವೆ. ಗುಳ್ಳೆ ತುಂಬಿದ ಬಸಾಲ್ಟ್ ಗ್ರಾನೈಟಿಗಿಂತ ಹಗುರವಾಗಬಹುದು, ಹಾಗಾಗಿ ಸಾಂದ್ರತೆಯೊಂದನ್ನೇ ನಂಬುವಂತಿಲ್ಲ, ಭೂತಗನ್ನಡಿಯ ಮಾತೇ ಮೊದಲು.

ನಕ್ಷೆ ತೆಗೆಯುವಾಗ ಸಿಕ್ಕ ಸಾಕ್ಷಿ

ಗವಿಯ ಜಾತಿ ನಕ್ಷೆಯಲ್ಲೂ ಗೊತ್ತಾಗುತ್ತದೆ. ಲಾವಾ ಕೊಳವೆಯ ನಕ್ಷೆ ಹೊಳೆಯ ನಕ್ಷೆಯಂತೆ ಹರಿವಿನ ದಿಕ್ಕಿಗೆ ಒಂದೇ ಸಮ ಇಳಿಯುತ್ತದೆ, ಕವಲೊಡೆದು ಮತ್ತೆ ಸೇರುತ್ತದೆ. ಗುಂಡುಕಲ್ಲು ಗವಿಯಲ್ಲಿ ಎರಡು ಹೆಜ್ಜೆಗೊಮ್ಮೆ ದಿಕ್ಕು, ಇಳಿಜಾರು ಎರಡೂ ಬದಲಾಗುತ್ತವೆ. ಒಂದೇ ಗುಂಡಿನ ಮೇಲೂ ಕೆಳಗೂ ಎಡಕ್ಕೂ ದಾರಿ.

ಮೂರು ಜನರ ತಂಡ ಸಾಕು: ಒಬ್ಬರು ಮುಂದಿನ ಸ್ಟೇಷನ್ (ಅಳತೆಯ ಬಿಂದು) ಹಿಡಿಯಲು, ಒಬ್ಬರು ಅಳೆಯಲು, ಒಬ್ಬರು ಬರೆದು ಚಿತ್ರಿಸಲು. ಲೇಸರ್ ದೂರಮಾಪಕ, ಅದು ಕೈಕೊಟ್ಟರೆ ಫೈಬರ್ ಟೇಪು, ಇಳಿಜಾರು ಮಾಪಕವಿರುವ ದಿಕ್ಸೂಚಿ, ನೀರು ತಾಗಿದರೂ ಹಾಳಾಗದ ಪುಸ್ತಕ, ಪೆನ್ಸಿಲ್. ಸ್ಟೇಷನ್ ಗುರುತಿಗೆ ಬಣ್ಣ ಬಳಿಯಬಾರದು. ಬಣ್ಣದ ಪ್ಲಾಸ್ಟಿಕ್ ಪಟ್ಟಿಯನ್ನು ಸಣ್ಣ ಕಲ್ಲಿನಡಿ ಇಟ್ಟು, ಹೊರಬರುವಾಗ ತೆಗೆದುಕೊಂಡು ಬರಬೇಕು. ಅಂತರಗಂಗೆಯ ಬಂಡೆಗಳ ಮೇಲೆ ಈಗಾಗಲೇ ಬೇಕಾದಷ್ಟು ಹೆಸರು, ಬಾಣದ ಗುರುತುಗಳಿವೆ.

ಲೆಕ್ಕದ ಬಗೆ ಹೀಗೆ. ಎರಡು ಸ್ಟೇಷನ್ ನಡುವೆ ದೂರ 6.40 ಮೀಟರ್, ಇಳಿಜಾರು ಕೆಳಕ್ಕೆ 28 ಡಿಗ್ರಿ ಎಂದಿಟ್ಟುಕೊಳ್ಳಿ. ಅಡ್ಡ ದೂರ 6.40 × 0.883 (28 ಡಿಗ್ರಿಯ ಕೊಸೈನ್) = 5.65 ಮೀಟರ್, ಇಳಿತ 6.40 × 0.469 (ಸೈನ್) = 3.00 ಮೀಟರ್. ಪ್ರತಿ ಸ್ಟೇಷನ್ನಿನಲ್ಲಿ ಎಡ, ಬಲ, ಮೇಲೆ, ಕೆಳಗೆ ಎಷ್ಟು ಜಾಗ ಇದೆಯೆಂದೂ ಬರೆಯಬೇಕು. ದಿಕ್ಕನ್ನು ಮುಂದೊಮ್ಮೆ ಹಿಂದೊಮ್ಮೆ ಓದಬೇಕು. 180 ಡಿಗ್ರಿ ಕಳೆದ ಮೇಲೆ ಎರಡರ ನಡುವೆ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಓದಿ. ವ್ಯತ್ಯಾಸಕ್ಕೆ ಸಾಮಾನ್ಯ ಕಾರಣ ಹಣೆಯ ಮೇಲಿನ ಹೆಡ್‌ಲ್ಯಾಂಪಿನ ಬ್ಯಾಟರಿ, ಜೇಬಿನ ಮೊಬೈಲು, ಹೆಲ್ಮೆಟ್ಟಿನ ಕಬ್ಬಿಣದ ಕೊಂಡಿ. ಇವೆಲ್ಲ ದೂರವಿದ್ದೂ ಮುಳ್ಳು ಎಳೆದರೆ ಹತ್ತಿರ ಡೊಲೆರೈಟ್ ಇದೆಯೇ ನೋಡಿ. ಬೆಟ್ಟದ ತುದಿಯಲ್ಲಿ ಸಿಡಿಲು ಬಡಿದ ಬಂಡೆಯೂ ಕಾಂತತ್ವ ಪಡೆದು ಮುಳ್ಳನ್ನು ಎಳೆಯಬಲ್ಲದು. ನಿಜವಾದ ಲಾವಾ ಕೊಳವೆಯಲ್ಲಿ ಈ ತೊಂದರೆ ಇಡೀ ಗವಿಯ ಉದ್ದಕ್ಕೂ ಕಾಡುತ್ತದೆ, ಏಕೆಂದರೆ ಬಸಾಲ್ಟಿನಲ್ಲೇ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಖನಿಜ ಇದೆ.

ಗುಂಡುಕಲ್ಲು ಗವಿಯಲ್ಲಿ ಸುತ್ತು ದಾರಿಗಳು ಬಹಳ. ಅದು ತಲೆನೋವೂ ಹೌದು, ಉಪಕಾರವೂ ಹೌದು. 42 ಮೀಟರ್ ಸುತ್ತಿ ಹೊರಟ ಸ್ಟೇಷನ್ನಿಗೇ ಬಂದಾಗ ಲೆಕ್ಕದಲ್ಲಿ 0.6 ಮೀಟರ್ ತಪ್ಪು ಕಂಡರೆ ಅದು ಶೇ. 1.4, ಶೇ. 2ರೊಳಗೆ ಇದ್ದರೆ ಒಪ್ಪಬಹುದು. ಹೆಚ್ಚಿದ್ದರೆ ತಪ್ಪನ್ನು ಸ್ಟೇಷನ್‌ಗಳ ನಡುವಿನ ಎಲ್ಲ ಅಳತೆಗಳಿಗೂ ಹಂಚಿ ಮುಚ್ಚಿಹಾಕಬಾರದು, ತಪ್ಪಿದ ಅಳತೆಯನ್ನು ಹುಡುಕಿ ಮತ್ತೆ ಅಳೆಯಬೇಕು. ಸರ್ವೆಕ್ಸ್, ಥೆರಿಯನ್ ಎಂಬ ಉಚಿತ ತಂತ್ರಾಂಶಗಳು ಈ ಲೆಕ್ಕ ಮಾಡಿಕೊಡುತ್ತವೆ.

ಉದ್ದ ಹೇಳುವಾಗ ಎಚ್ಚರ ಬೇಕು. ಒಂದೇ ಗುಂಡಿನ ಸುತ್ತ ನಾಲ್ಕು ಸಂದಿಗಳನ್ನೂ ಕೂಡಿಸಿದರೆ ಗವಿಯ ‘ಉದ್ದ’ ಬೇಕಾದಷ್ಟು ಬೆಳೆಯುತ್ತದೆ. ಮನುಷ್ಯ ತೂರುವ ದಾರಿ, ಮೇಲೆ ಹೊದಿಕೆ ಇರುವ ಭಾಗ ಇಷ್ಟನ್ನೇ ಎಣಿಸಿ, ಎಣಿಸಿದ ಕ್ರಮವನ್ನು ನಕ್ಷೆಯ ಮೂಲೆಯಲ್ಲಿ ಬರೆಯುವುದು ಸರಿಯಾದ ರೂಢಿ.

ಎಲ್ಲಿ ಎಡವುತ್ತಾರೆ

ಲಾವಾ ಕೊಳವೆಯಲ್ಲಿ ಮುಖ್ಯ ಅಪಾಯ ಚಾವಣಿಯಿಂದ ತಣಿವಿನ ಬಿರುಕು ಹಿಡಿದು ಉದುರುವ ಕಲ್ಲು, ಚರ್ಮ ಸೀಳುವ ಚೂಪು ನೆಲ. ಗುಂಡುಕಲ್ಲು ಗವಿಯಲ್ಲಿ ಅಪಾಯವಿರುವುದು ಊರುಗೋಲಾದ ಸಣ್ಣ ಕಲ್ಲಿನಲ್ಲಿ. ದೊಡ್ಡ ಗುಂಡು ಅಲುಗುವುದು ಅಪರೂಪ. ಅದನ್ನು ಹಿಡಿದು ನಿಲ್ಲಿಸಿರುವ, ಸಂದಿಯಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲು ದಾರಿಗೆ ಅಡ್ಡ ಎಂದು ಯಾರಾದರೂ ಎಳೆದರೆ, ಅಥವಾ ಅದರಡಿಯ ಗರಸು ಮಳೆಗೆ ಕೊಚ್ಚಿಹೋದರೆ ಕೆಲಸ ಕೆಟ್ಟಿತು. ಆದ್ದರಿಂದ ಇಕ್ಕಟ್ಟಿನಲ್ಲಿ ಯಾವ ಕಲ್ಲನ್ನೂ ಕೀಳಬಾರದು, ದಾರಿ ಅಗಲ ಮಾಡಲು ಅಗೆಯಬಾರದು. ಕೈ ಊರುವ ಮುನ್ನ ಕಲ್ಲನ್ನು ತಟ್ಟಿ ಕೇಳಿ. ಗಟ್ಟಿಯಾಗಿ ಕೂತ ಕಲ್ಲು ಅಲುಗದೆ ನಿಲ್ಲುತ್ತದೆ; ಸಡಿಲವಾದದ್ದು ಟೊಳ್ಳು ಸದ್ದು ಕೊಡುತ್ತದೆ ಇಲ್ಲವೇ ಕಟಕಟ ಎನ್ನುತ್ತದೆ. ಗುಂಡುಗಳು ತಾಗುವ ಜಾಗದಲ್ಲಿ ಹೊಸ ಬಿಳಿ ಗಾಯ, ಪುಡಿ ಕಂಡರೆ ಇತ್ತೀಚೆಗೆ ಅಲುಗಿದೆ ಎಂದರ್ಥ, ಅಲ್ಲಿಂದ ಹಿಂದಿರುಗಿ. ದೊಡ್ಡ ಮಳೆಯಾದ ಮೇಲೆ ಕೆಲವು ದಿನ ಒಳಗೆ ಹೋಗದಿರುವುದೇ ಕ್ಷೇಮ.

ತಲೆಗೆ ಹೆಲ್ಮೆಟ್, ಒಬ್ಬೊಬ್ಬರಿಗೆ ಮೂರು ದೀಪ, ಮೊಣಕಾಲು-ಮೊಣಕೈಗೆ ಪಟ್ಟಿ, ಹೊರಗೆ ಒಬ್ಬರ ಬಳಿ ಒಳಹೋದವರ ಹೆಸರು ಮತ್ತು ಬರುವ ವೇಳೆ. ಬೆಟ್ಟಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಹೆಜ್ಜೇನಿನ ಗೂಡು ಬಾಯಿಯ ಹತ್ತಿರವಿದ್ದರೆ ಆ ಗವಿ ಬಿಡಿ. ಹೊಗೆ, ಸೆಂಟು, ಕೂಗಾಟ ಬೇಡ. ಒಳಗಿನ ಧೂಳಿನಲ್ಲಿ ಹೊಸ ಹೆಜ್ಜೆ, ಮೂಳೆ, ಮುಳ್ಳುಹಂದಿಯ ಮುಳ್ಳು, ಗಬ್ಬು ವಾಸನೆ ಇದ್ದರೆ ಚಿರತೆಯೋ ಇನ್ನೊಂದೋ ವಾಸವಿದೆ ಎಂದು ತಿಳಿದು ಸದ್ದಿಲ್ಲದೆ ಹೊರಡಿ.

ಬಾವಲಿಯ ವಿಷಯ ಬೇರೆಯಾಗಿಯೇ ಹೇಳಬೇಕು. ಕೋಲಾರದ ಎಲೆಮೂಗಿನ ಬಾವಲಿ, ಹಿಪ್ಪೊಸಿಡೆರೋಸ್ ಹೈಪೊಫಿಲ್ಲಸ್, 1994ರಲ್ಲಿ ವಿವರಿಸಲ್ಪಟ್ಟ ಪ್ರಭೇದ. ಆಗ ಸಿಕ್ಕದ್ದು ಇದೇ ಜಿಲ್ಲೆಯ ತೇರಹಳ್ಳಿ ಮತ್ತು ಹನುಮನಹಳ್ಳಿಯಲ್ಲಿ. ಈಗ ಹನುಮನಹಳ್ಳಿಯ ಒಂದೇ ಗವಿಯಲ್ಲಿ ಉಳಿದಿದೆ, ಜಗತ್ತಿನಲ್ಲಿ ಬೇರೆಲ್ಲೂ ಕಂಡಿಲ್ಲ, ಅಳಿವಿನ ತೀರಾ ಅಂಚಿನಲ್ಲಿದೆ. ಗ್ರಾನೈಟ್ ಗಣಿಗಾರಿಕೆ ಅದರ ದೊಡ್ಡ ಶತ್ರು. ಲಾವಾ ಕೊಳವೆ ಅಲ್ಲ ಎಂದ ಮಾತ್ರಕ್ಕೆ ಈ ಗವಿಗಳು ಕಡಿಮೆಯವಲ್ಲ ಎನ್ನುವುದಕ್ಕೆ ಇದೊಂದೇ ಸಾಕು. ಬಾವಲಿಗಳಿರುವ ಕೋಣೆಗೆ ಹೋಗಬೇಡಿ, ದೀಪ ಎತ್ತಬೇಡಿ, ನಕ್ಷೆಯಲ್ಲಿ ಆ ಭಾಗವನ್ನು ‘ಅಳೆದಿಲ್ಲ’ ಎಂದು ಗುರುತಿಸಿ. ಒಣಗಿದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕು ತಗಲಬಹುದಾದ್ದರಿಂದ ಅದು ನಿಮ್ಮ ಒಳ್ಳೆಯದಕ್ಕೂ ಹೌದು.

ದಾಖಲೆ ಮತ್ತು ಮುಂದಿನ ಕೆಲಸ

ಗವಿಯ ದಾಖಲೆಯಲ್ಲಿ ಬಗೆ ಎಂಬಲ್ಲಿ ‘ಗುಂಡುಕಲ್ಲು ಗವಿ’, ಶಿಲೆ ಎಂಬಲ್ಲಿ ‘ಗ್ರಾನೈಟ್’, ಒಳಗಿನ ರಚನೆ ಎಂಬಲ್ಲಿ ‘ಹವಳದಂಥ ಮೊಗ್ಗುಗಳು, ಓಪಲ್ ಎಂದು ಅಂದಾಜು, ಪ್ರಯೋಗಾಲಯದ ಪರೀಕ್ಷೆ ಬಾಕಿ’ ಎಂದು ಬರೆಯಬೇಕು. ಜ್ವಾಲಾಮುಖಿಯ ಕುರುಹು ನೋಡಲೆಂದೇ ಬಂದ ವಿದ್ಯಾರ್ಥಿಗಳನ್ನು ಪೆದ್ದಪಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿ ಸಿಡಿದ ಚೂರುಗಳನ್ನೇ ಬೆರಳಿಟ್ಟು ತೋರಿಸಬಹುದು.

ಈ ಗವಿಯಲ್ಲಿ ಉಳಿದಿರುವ ಉಪಯುಕ್ತ ಕೆಲಸ ಊರುಗೋಲು ಕಲ್ಲುಗಳ ಮೇಲೆ ಕಣ್ಣಿಡುವುದು. ತೆವಳುವ ಇಕ್ಕಟ್ಟಿನ ಎರಡೂ ತುದಿಯಲ್ಲಿ, ಗುಂಡು ಮತ್ತು ಊರುಗೋಲು ಕಲ್ಲಿನ ನಡುವೆ ಎದುರುಬದುರಾಗಿ ಗುರುತಿಸಬಲ್ಲ ಎರಡು ಕಾಳುಗಳನ್ನು ಆರಿಸಿ, ಹತ್ತಿರದಿಂದ ಫೋಟೊ ತೆಗೆದು, ಅವುಗಳ ಅಂತರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ಸಾಧ್ಯವಾದಷ್ಟೂ ದಿನದ ಒಂದೇ ಹೊತ್ತಿನಲ್ಲಿ ಅಳೆಯಬೇಕು. ಪ್ರತಿಸಲ ಮೂರು ಓದಿನ ಸರಾಸರಿ ಬರೆಯಿರಿ. ಮೂರು ಓದುಗಳ ನಡುವಿನ ವ್ಯತ್ಯಾಸಕ್ಕಿಂತ ಎರಡು ಋತುಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗಿ ಹೆಚ್ಚು ಬಂದರೆ ಆ ಇಕ್ಕಟ್ಟನ್ನು ನಕ್ಷೆಯಲ್ಲಿ ಕೆಂಪು ಮಾಡಿ, ಅರಣ್ಯ ಇಲಾಖೆಗೂ ಅಲ್ಲಿ ದಾರಿ ತೋರಿಸುವ ಊರಿನವರಿಗೂ ತಿಳಿಸಿ, ಜನ ಹೋಗದಂತೆ ಮಾಡಬೇಕು.